ಒಂದು ಹಿಡಿ ಒಂದೆಲಗ

ಆಲ್ದೂರಿನಲ್ಲಿ ಬಸ್ಸು ನಿಂತಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ಕಿಟಕಿಯ ಗಾಜು ಸರಿಸಿದಳು. ಕಾಫಿ ಹೂವಿನ ವಾಸನೆ ಒಳಗೆ ನುಗ್ಗಿತು. ಹಿಂದಿನ ವಾರ ಮೊಗ್ಗು ಅರಳಿಸುವ ಹೂಮಳೆ ಚೆನ್ನಾಗಿ ಬಿದ್ದಿತ್ತಂತೆ. ರಸ್ತೆಯ ಎರಡೂ ಕಡೆ ತೋಟಗಳು ಬೆಳ್ಳಗಾಗಿದ್ದವು.

"ಗಮ್ ಅಂತಿದೆ ಅಲ್ವಾ?" ಎಂದಳು.

"ಹೂಂ" ಎಂದು ನಾನು ಸೆರಗನ್ನು ಮೂಗಿಗೆ ಹಿಡಿದೆ. ಇವಳೆಲ್ಲಿಯ ಬಯಲುಸೀಮೆಯವಳು, ಕಾಫಿ ಹೂವಿನ ವಾಸನೆಗೆ ಮೂಗು ಮುಚ್ಚುತ್ತಾಳಲ್ಲ ಎಂದುಕೊಂಡಿರಬೇಕು. ಆ ಬಸ್ ಸ್ಟ್ಯಾಂಡಿನ ಎದುರಿಗೇ ನಮ್ಮಪ್ಪನ ದಿನಸಿ ಅಂಗಡಿ ಇತ್ತು, ನಾನು ಹುಟ್ಟಿ ಬೆಳೆದದ್ದು ಇದೇ ವಾಸನೆಯಲ್ಲಿ ಎಂದು ಅವಳಿಗೆ ಹೇಳಲು ಹೋಗಲಿಲ್ಲ. ಹೇಳಿದರೆ, ಮತ್ತೆ ಮೂಗು ಯಾಕೆ ಮುಚ್ಚಿದಿರಿ ಎಂದು ಕೇಳುತ್ತಾಳೆ.

ಅಸಲಿಗೆ ನಾನು ಆ ಬಸ್ಸಿನಲ್ಲಿ ಇರಬೇಕಾಗಿರಲೇ ಇಲ್ಲ. ಹಿಂದಿನ ದಿನ ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ನನ್ನ ಉಪನ್ಯಾಸವಿತ್ತು. ಆಹಾರ, ವ್ಯಾಯಾಮ, ಉಸಿರಾಟ. ಈ ಮೂರನ್ನೇ ಹಿಂದೆ ಮುಂದೆ ಮಾಡಿ ಹೇಳುತ್ತಾ ನನ್ನ ಸರ್ವೀಸು ಮುಗಿಯುತ್ತಾ ಬಂದಿದೆ. ಕೊನೆಯಲ್ಲಿ ಯಾವಾಗಲೂ ಒಂದು ಚಿತ್ರ ತೋರಿಸುತ್ತೇನೆ. ಏದುಸಿರಿನವರಿಗೆ ನಿಧಾನವಾಗಿ ಉಸಿರು ಬಿಡುವುದನ್ನು ಹೇಗೆ ಕಲಿಸಬೇಕು ಎಂಬ ಚಿತ್ರ. ಹೆಂಗಸೊಬ್ಬಳು ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದಾಳೆ. ಇದು ನಿಮಗೆ ಹೇಗೆ ಹೊಳೆಯಿತು ಎಂದು ಯಾರಾದರೂ ಕೇಳುತ್ತಾರೆ, ಕಳಸದ ಹೆಂಗಸೊಬ್ಬರು ಕಲಿಸಿದರು ಎನ್ನುತ್ತೇನೆ, ಚಪ್ಪಾಳೆ ತಟ್ಟುತ್ತಾರೆ, ಟೀ ಕುಡಿಯುತ್ತೇವೆ. ಅಂದು ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, "ಅವರು ಈಗ ಹೇಗಿದ್ದಾರೆ ಮೇಡಂ?" ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನಾನು ಏನೋ ಹೇಳಿ ಮಾತು ತಿರುಗಿಸಿದೆ. ಮರುದಿನ ಬೆಳಗ್ಗೆ ಮೈಸೂರಿನ ಬಸ್ಸು ಹತ್ತಬೇಕಾದವಳು ಕಳಸದ ಬಸ್ಸು ಹತ್ತಿ ಕೂತೆ.

ನಾನು ಓದಿದ್ದು ವ್ಯಾಯಾಮ ಶರೀರಶಾಸ್ತ್ರ. ಅಪ್ಪ ಗಿರಾಕಿಗಳಿಗೆ ಅದನ್ನು ತಮ್ಮದೇ ರೀತಿಯಲ್ಲಿ ವಿವರಿಸುತ್ತಿದ್ದರು. "ಓಡಿದ್ರೆ ಯಾಕೆ ಏದುಸಿರು ಬರತ್ತೆ ಅಂತ ಓದ್ತಿದ್ದಾಳೆ ನಮ್ಮ ಉಮಾ. ಓಡಿದ್ರೆ ಬರತ್ತಪ್ಪ, ಅದ್ರಲ್ಲಿ ಓದೋದು ಎಂತದು?" ಎಂದು ಸಕ್ಕರೆ ಕಟ್ಟುತ್ತಲೇ ನಗುತ್ತಿದ್ದರು. ಚಿಕ್ಕವಳಿದ್ದಾಗ ನನಗೂ ಉಬ್ಬಸವಿತ್ತು. ಶಾಲೆಯಲ್ಲಿ ಓಡಲು ಬಿಡುತ್ತಿರಲಿಲ್ಲ. ಆ ಸಿಟ್ಟಿಗೇ ಈ ವಿಷಯ ಹಿಡಿದೆ ಎಂದರೂ ಆದೀತು. ಕಾಲೇಜು, ಸಂಶೋಧನೆ, ಪಾಠ ಎಂದು ಊರು ಬಿಟ್ಟವಳು ಹಲವು ವರ್ಷಗಳ ಬಳಿಕ ಒಂದು ಕಾಫಿ ಕೊಯ್ಲಿನ ಕಾಲಕ್ಕೆ ಕಳಸಕ್ಕೆ ಬಂದೆ. ಜೀವಮಾನವಿಡೀ ಕಟ್ಟಿಗೆ ಒಲೆಯ ಮುಂದೆ ಕೂತು ದಮ್ಮು ಹತ್ತಿಸಿಕೊಂಡ ಹೆಂಗಸರಿಗೆ ನಡಿಗೆಯಿಂದ, ಊಟದ ಕ್ರಮದಿಂದ ಎಷ್ಟು ಗುಣ ಕಾಣುತ್ತದೆ ಎಂದು ನೋಡುವುದು ನನ್ನ ಕೆಲಸ. ಹಣ್ಣು ಕೊಯ್ಯಲು ಶುರುವಾದಾಗ ಬಂದು ಹೂಮಳೆಯ ಹೊತ್ತಿಗೆ ಮುಗಿಸಿಕೊಂಡು ಹೋಗುವುದು ಎಂದು ಲೆಕ್ಕ ಹಾಕಿದ್ದೆ.

ಕಳಸದ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಮಲ್ಲೇಶಪ್ಪನವರು ಅಪ್ಪನಿಗೆ ಪರಿಚಯ. ಅವರ ಮನೆಯ ಮಹಡಿಯ ಕೋಣೆ ನನಗೆ ಸಿಕ್ಕಿತು. ಅವರ ಹೆಂಡತಿ ಗಿರಿಜಮ್ಮ. ಐವತ್ತು ದಾಟಿದ, ತೆಳ್ಳಗಿನ, ಮಾತಿನಲ್ಲಿ ಸೋಲದ ಹೆಂಗಸು. ಹಣೆಯ ಮೇಲೆ ವಿಭೂತಿ ಅಳಿಸಿದ್ದನ್ನು ನಾನು ನೋಡಲೇ ಇಲ್ಲ. ಮೊದಲ ದಿನವೇ ನನ್ನ ತಟ್ಟೆಗೆ ಎರಡನೇ ಸಲ ಅನ್ನ ಬಡಿಸಿ, "ಉಸಿರಿನ ಪಾಠ ಆಮೇಲೆ. ಮೊದ್ಲು ನಿಮ್ಮ ಮೈಗೆ ಒಂಚೂರು ಮಾಂಸ ಬರ್ಲಿ" ಎಂದರು.

ಆ ಮನೆಯಲ್ಲಿ ದಿನವೂ ಒಂದೆಲಗದ ತಂಬುಳಿ. ಒಂದು ದಿನ, ಎರಡು ದಿನ, ವಾರವಾದರೂ ಅದೇ. ಮಲ್ಲೇಶಪ್ಪನವರು ತಟ್ಟೆಯ ಮುಂದೆ ಕೂತು, "ನೋಡಿ ಮೇಡಂ, ಇವಳಿಗೆ ಸೊಪ್ಪಿನ ಹುಚ್ಚು. ಪೇಟೆಗೆ ಹೋಗಿ ಬರೋ ದಾರೀಲಿ ಒಂದೆಲಗ ಉಳಿಸಲ್ಲ. ಇದನ್ನ ತಿಂದು ತಿಂದು ನಂಗೆ ಹಳೇ ಸಾಲಗಾರರ ಅಜ್ಜನ ಹೆಸ್ರೂ ನೆನಪಾಗತ್ತೆ" ಎನ್ನುತ್ತಿದ್ದರು. ಗಿರಿಜಮ್ಮನೂ ನಗುತ್ತಿದ್ದರು.

ಒಂದು ಸಂಜೆ ಅವರ ಜೊತೆ ನಾನೂ ಪೇಟೆಯಿಂದ ಮನೆಗೆ ಹೊರಟೆ. ಮನೆ ಇದ್ದದ್ದು ಏರಿನ ಮೇಲೆ. ದಾರಿಯ ಪಕ್ಕದಲ್ಲಿ ನೀರಿನ ಪೈಪು ಸೋರಿ ಹಸಿರಾಗಿತ್ತು. ಮೊದಲ ತಿರುವಿನಲ್ಲಿ ಗಿರಿಜಮ್ಮ ನಿಂತು ಬಗ್ಗಿ ಒಂದೆಲಗ ಕಿತ್ತರು. ಒಂದೊಂದೇ ಎಲೆ, ದಂಟು ನೋಡಿ, ಮಣ್ಣು ಕೊಡವಿ. ಎರಡನೇ ತಿರುವಿನಲ್ಲಿ ಮತ್ತೆ ನಿಂತರು. ಆಮೇಲೆ ತಿರುವು ಇಲ್ಲದ ಕಡೆಯೂ ನಿಲ್ಲತೊಡಗಿದರು. ನಾನು ಹೋದ ತಿಂಗಳ ಚಳಿಯ ಬಗ್ಗೆ ಏನೋ ಕೇಳಿದೆ. ಉತ್ತರ ಬರಲಿಲ್ಲ. ಬಗ್ಗಿದ ಬೆನ್ನು ಏಳುತ್ತಾ ಬೀಳುತ್ತಾ ಇತ್ತು. ಕೈ ಮಾತ್ರ ಕೀಳುತ್ತಲೇ ಇತ್ತು.

ಮನೆಗೆ ಬಂದು ಅವರು ಸೊಪ್ಪನ್ನು ಜಗಲಿಯ ಮೇಲೆ ಹರಡಿದಾಗ ನೋಡಿದೆ. ಕೆಳಗಿನ ತಿರುವಿನಲ್ಲಿ ಕಿತ್ತದ್ದು ಒಳ್ಳೆಯ ಒಂದೆಲಗ. ಮೇಲೆ ಮೇಲೆ ಬಂದಂತೆ ಕಿತ್ತದ್ದರಲ್ಲಿ ಅರ್ಧ ಹುಲ್ಲು.

"ಗಿರಿಜಮ್ಮ, ಹುಲ್ಲಿಂದೂ ತಂಬುಳಿ ಮಾಡ್ತೀರಾ?" ಎಂದೆ.

ಅವರು ಹುಲ್ಲನ್ನು ಬೇರೆ ಮಾಡತೊಡಗಿದರು. "ಇವ್ರಿಗೆ ಹೇಳ್ಬೇಡಿ" ಎಂದರು. "ಸುಮ್ನೆ ನಿಂತ್ರೆ ಯಾಕೆ ನಿಂತೆ ಅಂತ ಕೇಳ್ತಾರೆ. ಸೊಪ್ಪು ಕೀಳ್ತಾ ನಿಂತ್ರೆ ಯಾರೂ ಕೇಳಲ್ಲ."

ಆಮೇಲೆ ಎಲ್ಲ ಹೇಳಿದರು. ಮೂರು ನಾಲ್ಕು ವರ್ಷದಿಂದ ಹೀಗೇ. ಡಾಕ್ಟರು ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿಯ ಒಂದು ಪಂಪು ಬರೆದುಕೊಟ್ಟಿದ್ದರು, ಅದು ಸಾರಿನ ಪುಡಿ ಡಬ್ಬದ ಹಿಂದೆ ಇತ್ತು. ಗಂಡನಿಗೆ ಗೊತ್ತಾಗಬಾರದು ಎಂದಲ್ಲ ಚಿಂತೆ, ಗೊತ್ತಾದರೆ ಅವರು ಊರಿಗೆಲ್ಲ ಹೇಳುತ್ತಾರೆ. ಊರಿಗೆ ಗೊತ್ತಾದರೆ ಬೀಗರಿಗೆ ಗೊತ್ತಾಗುತ್ತದೆ. ಒಬ್ಬಳೇ ಮಗಳು ಶೈಲಾಳನ್ನು ಸಂಸೆಯ ಮೇಲಿನ ಗುಡ್ಡದ ಮನೆಗೆ ಕೊಟ್ಟಿದ್ದರು. "ತಾಯಿಗೆ ದಮ್ಮು ಅಂದ್ರೆ ಮಗಳಿಗೂ ಬರತ್ತೆ ಅಂತಾರೆ. ಅವ್ಳಿಗೆ ಒಂದು ಕೆಮ್ಮು ಬಂದ್ರೂ ನನ್ನ ಹೆಸ್ರು ಹೇಳ್ತಾರೆ. ಬೇಡ ಮೇಡಂ."

ಶೈಲಾ ಆಗ ಎರಡನೇ ಬಸುರಿ. ನಮ್ಮ ಕಡೆ ಮೊದಲ ಬಾಣಂತನ ತವರಿನದು. ಎರಡನೆಯದು ಗಂಡನ ಮನೆಯಲ್ಲಾದರೆ ತಾಯಿ ಅಲ್ಲಿಗೇ ಹೋಗಿ ಬಾಣಂತಿಗೆ, ಮಗುವಿಗೆ ನೀರು ಹಾಕಬೇಕು. ಶಿವರಾತ್ರಿಯ ಆಸುಪಾಸಿಗೆ ಹೆರಿಗೆ ಎಂದು ಹೇಳಿದ್ದರು. ಜೀಪು ಹೋಗುತ್ತಿದ್ದದ್ದು ಗುಡ್ಡದ ಬುಡದ ಹಳ್ಳದವರೆಗೆ ಮಾತ್ರ. ಅಲ್ಲಿಂದ ಮೇಲೆ ಕಾಲುದಾರಿ. ಕಾಯಿಲೆಯವರನ್ನೂ ಬಾಣಂತಿಯರನ್ನೂ ಕುರ್ಚಿಗೆ ಬಿದಿರು ಕಟ್ಟಿ ಹೊತ್ತುಕೊಂಡು ಹೋಗುವುದು ಅಲ್ಲಿಯ ವಾಡಿಕೆ.

"ಬಾಣಂತನ ಮಾಡೋಕೆ ಬಂದ ತಾಯಿನೇ ಕುರ್ಚಿ ಮೇಲೆ ಕೂತ್ಕೊಂಡು ಹೋದ್ರೆ ಹೇಗಿರತ್ತೆ ಹೇಳಿ" ಎಂದರು ಗಿರಿಜಮ್ಮ. "ಬೇರೆಂತದೂ ಕೇಳಲ್ಲ ನಿಮ್ಮನ್ನ. ನಂಗೆ ಆ ಗುಡ್ಡ ಒಂದು ಹತ್ತಿಸಿಬಿಡಿ."

ನನಗೆ ಆ ಮಾತು ಹಿಡಿಸಿತು. ನನ್ನ ಅಧ್ಯಯನಕ್ಕೆ ಬಂದವರಲ್ಲಿ ಹೆಚ್ಚಿನವರು ಅಕ್ಕಪಕ್ಕದವರು ಕರೆದರು ಎಂದು ಬಂದವರು. ನಿಜವಾಗಿ ಏನೋ ಬೇಕೆಂದು ಬಂದವರು ಇವರೊಬ್ಬರೇ.

ನಡಿಗೆಯ ಪರೀಕ್ಷೆಗೆ ಸಪಾಟು ಜಾಗ ಬೇಕು. ಕಳಸದಲ್ಲಿ ಸಪಾಟು ಜಾಗವೆಂದರೆ ಕಾಫಿ ಒಣಗಿಸುವ ಕಣ. ಪರಿಚಯದ ಒಂದು ತೋಟದ ಕಣದಲ್ಲಿ, ಒಣಹಾಕಿದ ಕಾಫಿಯ ನಡುವೆ ಬಿಟ್ಟ ಓಣಿಯಲ್ಲಿ ಹೆಂಗಸರನ್ನು ನಡೆಸುತ್ತಿದ್ದೆ. ನನಗೆ ಹೆಂಗಸರನ್ನು ಒಟ್ಟು ಮಾಡಿಕೊಡುವ ನೆಪದಲ್ಲಿ ಗಿರಿಜಮ್ಮನೂ ಬರುತ್ತಿದ್ದರು. ಮೇಸ್ತ್ರಿ ದೂರದಿಂದಲೇ, "ಕಾಫಿ ತುಳೀಬೇಡಿ ಮಾರಾಯ್ರೆ" ಎಂದು ಕೂಗುತ್ತಿದ್ದ. ಹೆಂಗಸರು ಸೀರೆ ಎತ್ತಿ ಹಿಡಿದು ನಗುತ್ತಾ ನಡೆಯುತ್ತಿದ್ದರು. ನಡುವೆ ಯಾರೋ ಬಗ್ಗಿ ಕಾಫಿಯಲ್ಲಿ ಕೈಯಾಡಿಸಿ, ಇನ್ನೂ ಒಣಗಬೇಕು ಎಂದು ತೀರ್ಪು ಕೊಡುತ್ತಿದ್ದರು. ನಿಲ್ಲಬೇಡಿ, ನಿಂತರೆ ಲೆಕ್ಕ ತಪ್ಪುತ್ತದೆ ಎಂದು ನಾನು ಗದರುತ್ತಿದ್ದೆ. ನಾನು ಸ್ವಲ್ಪ ಜೋರೇ. ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆ ಎಂದೂ ಗೊತ್ತು.

ಉಸಿರು ಅಳೆಯುವ ಯಂತ್ರದ್ದು ಬೇರೆಯದೇ ಕಥೆಯಾಯಿತು. ಅದರ ಕೊಳವೆಗೆ ಬಾಯಿಟ್ಟು ಎದೆಯಲ್ಲಿರುವ ಗಾಳಿಯನ್ನೆಲ್ಲ ಒಂದೇ ಸಲಕ್ಕೆ ರಭಸದಿಂದ ಊದಬೇಕು. ನಾನು ಊದಿ ತೋರಿಸಿದೆ. ಗಿರಿಜಮ್ಮ ಕೊಳವೆ ತೆಗೆದುಕೊಂಡು ಮೆತ್ತಗೆ, ಸಣ್ಣಗೆ, ಬಹಳ ಹೊತ್ತು ಊದಿದರು.

"ಜೋರಾಗಿ ಗಿರಿಜಮ್ಮ."

ಮತ್ತೆ ಅದೇ. ಉಳಿದ ಹೆಂಗಸರೂ ಹಾಗೆಯೇ. ವಾರವಿಡೀ ಬಂದ ಅಂಕಿಗಳನ್ನು ನಂಬಿದರೆ ಕಳಸದ ಹೆಂಗಸರು ಯಾರೂ ಎದ್ದು ಓಡಾಡುವ ಸ್ಥಿತಿಯಲ್ಲಿರಲಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡು ನಾನೇ ಊದಿ ನೋಡಿದೆ. ಸರಿಯಾಗಿಯೇ ಇತ್ತು. ನನಗೆ ಸಿಟ್ಟು ಬಂತು. "ಇಷ್ಟು ಸಲ ಹೇಳಿದ್ರೂ ಯಾಕೆ ಜೋರಾಗಿ ಊದಲ್ಲ ನೀವು?" ಎಂದೆ.

"ಜೋರಾಗಿ ಊದಿದ್ರೆ ಬೂದಿ ಕಣ್ಣಿಗೆ ಹಾರತ್ತಲ್ಲ" ಎಂದರು ಗಿರಿಜಮ್ಮ.

"ಇದರಲ್ಲಿ ಬೂದಿ ಎಲ್ಲಿದೆ?"

"ಇಲ್ಲ, ಗೊತ್ತು. ಬಾಯಿ ಕೇಳ್ಬೇಕಲ್ಲ ಮಾರಾಯ್ತಿ."

ಕೊಳವೆ ಬಾಯಿಗೆ ಬಂದರೆ ಸಾಕು, ಆ ಬಾಯಿಗಳಿಗೆ ಒಲೆಯೇ ನೆನಪು. ಅಂಕಿಗಳನ್ನೆಲ್ಲ ಬಿಸಾಕಿ, ದೀಪ ಆರಿಸುವ ಹಾಗೆ, ಮಗ್ಗುಲಿಗೆ ಬಂದ ನಾಯಿಯನ್ನು ಹೆದರಿಸುವ ಹಾಗೆ ಎಂದೆಲ್ಲ ಹೇಳಿ ಮೊದಲಿನಿಂದ ಕಲಿಸಬೇಕಾಯಿತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಬಂದ ಲೆಕ್ಕದಲ್ಲಿ ಗಿರಿಜಮ್ಮನ ಎದೆ ನಿಜಕ್ಕೂ ಕೆಟ್ಟಿತ್ತು. ಹೊಗೆ ತಿಂದ ಎದೆ. ಹಾಳಾದದ್ದು ಸರಿಹೋಗುವುದಿಲ್ಲ, ಉಳಿದದ್ದನ್ನು ಹೇಗೆ ಖರ್ಚು ಮಾಡಬೇಕು ಎಂದಷ್ಟೇ ಕಲಿಸಬಹುದು. ಅದನ್ನು ಅವರಿಗೆ ಮುಚ್ಚಿಡದೆ ಹೇಳಿದೆ.

"ಗುಡ್ಡ ಹತ್ತೋಷ್ಟು ಉಳಿದಿದೆಯಾ?" ಎಂದು ಮಾತ್ರ ಕೇಳಿದರು.

ಏರಿನಲ್ಲಿ ಅಂಥವರಿಗೆ ಉಸಿರು ಒಳಗೆ ಹೋಗುವುದು ಕಷ್ಟವಲ್ಲ, ಹೊರಗೆ ಬರುವುದೇ ಕಷ್ಟ. ಹಳೆಯ ಗಾಳಿ ಒಳಗೇ ಉಳಿದು ಹೊಸದಕ್ಕೆ ಜಾಗವಿರುವುದಿಲ್ಲ. ತುಟಿ ಮುಂದೆ ಮಾಡಿ ನಿಧಾನವಾಗಿ ಬಿಡಬೇಕು ಎಂದು ಪುಸ್ತಕಗಳಲ್ಲೆಲ್ಲ ಇದೆ. ನಾನು ತುಟಿ ಮುಂದೆ ಮಾಡಿ ತೋರಿಸಿದರೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಒಂದು ಬೆಳಗ್ಗೆ ಮನೆಯ ಏರಿನ ನಡುವೆ ಗಿರಿಜಮ್ಮ ಕಂಗಾಲಾಗಿ ನಿಂತಾಗ ನನ್ನ ಬಾಯಿಂದ, "ಒಲೆ ಊದಿ ಗಿರಿಜಮ್ಮ, ಬೂದಿ ಹಾರದ ಹಾಗೆ ಊದಿ" ಎಂಬ ಮಾತು ಬಂತು. ಅವರು ಊದಿದರು. ಮೆತ್ತಗೆ, ಸಣ್ಣಗೆ, ಬಹಳ ಹೊತ್ತು. ನಾಲ್ಕು ಸಲ ಊದುವುದರಲ್ಲಿ ಭುಜ ಕೆಳಗಿಳಿಯಿತು. ಯಂತ್ರದ ಮುಂದೆ ನನ್ನ ತಲೆ ತಿಂದ ಅದೇ ಊದು. ನನ್ನ ಚಿತ್ರದಲ್ಲಿರುವುದು ಅಷ್ಟೇ.

ಆಮೇಲಿನ ವಾರಗಳು ನನ್ನ ಬದುಕಿನಲ್ಲೇ ಒಳ್ಳೆಯ ವಾರಗಳು. ಬೆಳಗಿನ ಮಂಜು ಕರಗುವ ಹೊತ್ತಿಗೆ ಹೊರಡುತ್ತಿದ್ದೆವು. ಎರಡು ಹೆಜ್ಜೆಗೆ ಒಳಗೆ, ನಾಲ್ಕು ಹೆಜ್ಜೆಗೆ ಹೊರಗೆ. ಮೊದಲು ಕಣ, ಆಮೇಲೆ ಮನೆಯ ಏರು, ಆಮೇಲೆ ಹಿಂದಿನ ತೋಟದ ಮೆಟ್ಟಿಲು. ಊಟವನ್ನೂ ತಿದ್ದಿದೆ. ಎಲ್ಲರದ್ದೂ ಆದ ಮೇಲೆ ಮಧ್ಯಾಹ್ನ ಕಳೆದು ಒಂದೇ ಸಲಕ್ಕೆ ಗುಡ್ಡೆ ಅನ್ನ ಉಂಡು ಒದ್ದಾಡುವ ಬದಲು ನಾಲ್ಕು ಹೊತ್ತು ಸ್ವಲ್ಪ ಸ್ವಲ್ಪ. ಮೊಳಕೆ ಹೆಸರುಕಾಳು, ಕಡಲೆಬೀಜ, ಮೊಸರು. "ಗಂಡಸರಿಗಿಂತ ಮುಂಚೆ ತಿಂದ್ರೆ ಗಂಟಲಲ್ಲಿ ಇಳಿಯಲ್ಲ ಕಣ್ರೀ" ಎಂದು ಗೊಣಗುತ್ತಲೇ ತಿನ್ನುತ್ತಿದ್ದರು. ಮುಖಕ್ಕೆ ಸ್ವಲ್ಪ ಕಳೆ ಬಂತು. ತಂಬುಳಿ ಅಪರೂಪವಾಯಿತು. "ಎಂತದೇ ಇದು, ಒಂದೆಲಗ ಮುಗಿದೋಯ್ತಾ ಊರಲ್ಲಿ?" ಎಂದು ಮಲ್ಲೇಶಪ್ಪನವರು ಕೇಳಿದ ದಿನ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಕಣ್ಣೀರು ಬರುವಷ್ಟು ನಕ್ಕೆವು.

ಹೊಗೆಯ ವಿಷಯ ಮಾತ್ರ ನಾನು ದಿನವೂ ಎತ್ತುತ್ತಿದ್ದೆ. "ಅಲ್ಲಿ ಬಚ್ಚಲ ಒಲೆ ಹತ್ರ ಕೂರ್ಬೇಡಿ. ನೀರು ಹಾಕಿ, ಬೇಡ ಅನ್ನಲ್ಲ. ಬೆಂಕಿ ಬೇರೆ ಯಾರಾದ್ರೂ ನೋಡ್ಕೊಳ್ಲಿ." ಆಯಿತು ಎನ್ನುತ್ತಿದ್ದರು. ಆಣೆ ಹಾಕಿ ಎಂದರೆ, "ಆಣೆ ಗೀಣೆ ಎಂತಕ್ಕೆ, ಆಯ್ತು ಅಂದ್ನಲ್ಲ" ಎನ್ನುತ್ತಿದ್ದರು. ಅವರು ಆಣೆ ಹಾಕದಿದ್ದದ್ದು ಯಾಕೆಂದು ನನಗೆ ಆಗಲೇ ಅರ್ಥವಾಗಿತ್ತು.

ಶಿವರಾತ್ರಿಗೆ ಸ್ವಲ್ಪ ಮೊದಲು ಹೊರಟೆವು. ನಾನೂ ಹೋದೆ. ಹಳ್ಳದ ಬಳಿ ಜೀಪು ಇಳಿದು ಗಿರಿಜಮ್ಮ ಮೇಲೆ ನೋಡಿದರು. ಗುಡ್ಡದ ನೆತ್ತಿಯಲ್ಲಿ ಮನೆಯ ಹೆಂಚು ಸಣ್ಣಗೆ ಕಾಣುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನಾನು ಹಿಂದೆ ಹೆಜ್ಜೆ ಎಣಿಸುತ್ತಾ ಹೋದೆ. ಎರಡಕ್ಕೆ ಒಳಗೆ, ನಾಲ್ಕಕ್ಕೆ ಹೊರಗೆ. ಮಾತಿಲ್ಲ. ಅವರು ಊದುವ ಸದ್ದು, ಚಪ್ಪಲಿಯ ಸದ್ದು. ಅಬ್ಬಿ ನೀರು ದಾರಿಗೆ ಬೀಳುವ ಕಡೆ ಎರಡೂ ಬದಿಗೆ ಒಂದೆಲಗ ಹಾಸಿಕೊಂಡಿತ್ತು. ಗಿರಿಜಮ್ಮ ಅದರ ಕಡೆ ಒಮ್ಮೆ ನೋಡಿ ಮುಂದೆ ನಡೆದರು. ನನಗೆ ಆ ಕ್ಷಣ ಅವರ ಕಾಲಿಗೆ ಬೀಳಬೇಕೆನ್ನಿಸಿತು.

ಅಂಗಳದಲ್ಲಿ ಶೈಲಾ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ತಾಯಿಯ ಮುಖ ನೋಡುವ ಮೊದಲು ಕೈ ನೋಡಿದಳು.

"ಸೊಪ್ಪು ತರ್ಲಿಲ್ವಾ ಅಮ್ಮ?"

"ಇವತ್ತು ಬೇಡ ಅನ್ನಿಸ್ತು" ಎಂದರು ಗಿರಿಜಮ್ಮ. ಒಂದೇ ಉಸಿರಿನಲ್ಲಿ ಇಡೀ ವಾಕ್ಯ ಹೇಳಿದರು. ಹೇಳಿ ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಯಾವ ಚಪ್ಪಾಳೆಗೂ ಬಿಟ್ಟುಕೊಡುವುದಿಲ್ಲ.

ಜಗಲಿಯಲ್ಲಿ ಬಿದಿರು ಕಟ್ಟಿದ ಕುರ್ಚಿ ಸಿದ್ಧವಾಗಿತ್ತು. ಆಸ್ಪತ್ರೆಗೆ ಹೋಗುವಾಗ ಬರುವಾಗ ಶೈಲಾಳಿಗೆಂದು. ಗಿರಿಜಮ್ಮ ಅದನ್ನು ತಟ್ಟಿ ನೋಡಿ, "ನೀವಿಲ್ದಿದ್ರೆ ನಾನೇ ಮೊದ್ಲು ಕೂರ್ತಿದ್ದೆ ಇದ್ರ ಮೇಲೆ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಹೆಣ್ಣು ಮಗು ಹುಟ್ಟಿತು. ಫೋನು ಸಿಕ್ಕಿದ ದಿನ ಮಾತಾಡುತ್ತಿದ್ದೆವು. ಬೆಂಕಿ ಯಾರು ಹಾಕ್ತಾರೆ ಎಂದರೆ, "ಹಾಕ್ತಾರೆ, ಹಾಕ್ತಾರೆ" ಎನ್ನುತ್ತಿದ್ದರು. ಬೀಗಿತ್ತಿ ಒಳ್ಳೆಯ ಹೆಂಗಸು. ನಾನು ಒಲೆ ಉರಿಸುತ್ತೇನೆ, ನೀವು ನೀರು ಹಾಕಿದರೆ ಸಾಕು ಎಂದು ಅವರೇ ಹೇಳಿದ್ದರಂತೆ. ಬೀಗಿತ್ತಿಯ ಕೈಯಲ್ಲಿ ಬೆಂಕಿ ಹಾಕಿಸಿಕೊಂಡು ಬಾಣಂತನ ಮಾಡುವುದುಂಟೇ ಎಂದು ಗಿರಿಜಮ್ಮನೇ ಒಪ್ಪಲಿಲ್ಲವಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಆ ವರ್ಷ ಹೂಮಳೆ ಭರ್ಜರಿಯಾಗಿ ಬಿತ್ತು. ಕಳಸದ ಪೇಟೆಯಲ್ಲಿ ಎಲ್ಲರ ಮುಖದಲ್ಲೂ ನಗು. ಮಲ್ಲೇಶಪ್ಪನವರ ಅಂಗಡಿಗೆ ಬಂದವರೆಲ್ಲ ಎಷ್ಟು ಇಂಚು ಎಂದೇ ಮಾತು ಶುರು ಮಾಡುತ್ತಿದ್ದರು. ಗುಡ್ಡದ ಮನೆಯಲ್ಲಿ ಬಾಣಂತನಕ್ಕೆಂದು ಕಡಿದು ಅಂಗಳದಲ್ಲಿ ಒಟ್ಟಿದ್ದ ಕಟ್ಟಿಗೆ ಅದೇ ಮಳೆಯಲ್ಲಿ ನೆನೆಯಿತು. ಒದ್ದೆ ಕಟ್ಟಿಗೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಬಾಣಂತಿಗೆ ಗಾಳಿ ತಾಗಬಾರದೆಂದು ಬಚ್ಚಲಿನ ಬಾಗಿಲು ಹಾಕಿರುತ್ತಾರೆ. ದೊಡ್ಡ ಹಂಡೆಯ ನೀರು ಕುದಿಯಬೇಕು. ಗಿರಿಜಮ್ಮ ಆ ಒಲೆಯ ಮುಂದೆ ಕೂತು ಊದಿದರು. ದಿನವೂ, ಎಷ್ಟೋ ಹೊತ್ತು. ನಾನು ಗುಡ್ಡ ಹತ್ತಲೆಂದು ಉಳಿಸಿಕೊಟ್ಟ ಉಸಿರನ್ನು ಅವರು ಅಲ್ಲಿ ಖರ್ಚು ಮಾಡಿದರು.

ಹೂ ಅರಳಿ ಊರೆಲ್ಲ ವಾಸನೆ ತುಂಬಿದ ಬೆಳಗ್ಗೆ ಫೋನು ಬಂತು. ನಾನೂ ಮಲ್ಲೇಶಪ್ಪನವರೂ ಜೀಪಿನಲ್ಲಿ ಹಳ್ಳದವರೆಗೆ ಹೋದೆವು. ಕಾಲುದಾರಿಯಲ್ಲಿ ನಾಲ್ಕು ಜನ ಕುರ್ಚಿ ಹೊತ್ತು ಇಳಿಯುತ್ತಿದ್ದರು. ಗಿರಿಜಮ್ಮ ಅದರಲ್ಲಿ ಮುಂದಕ್ಕೆ ಬಾಗಿ, ಬಿದಿರು ಹಿಡಿದು ಕೂತಿದ್ದರು. ತುಟಿ ಮುಂದೆ ಮಾಡಿ ಊದಲು ನೋಡುತ್ತಿದ್ದರು. ನನ್ನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದರು. ಉಸಿರು ಸಾಲಲಿಲ್ಲ. ಜೀಪಿಗೆ ಹತ್ತಿಸಿ ನಾನು ಪಕ್ಕದಲ್ಲಿ ಕೂತು, "ಮಾತು ಬೇಡ, ಊದಿ, ಬೂದಿ ಹಾರದ ಹಾಗೆ ಊದಿ" ಎನ್ನುತ್ತಲೇ ಇದ್ದೆ. ಜೀಪಿನ ಎರಡೂ ಕಡೆ ತೋಟಗಳು ಬೆಳ್ಳಗಿದ್ದವು. ಆ ವಾಸನೆ ಎಷ್ಟು ದಟ್ಟವಾಗಿತ್ತೆಂದರೆ ನನಗೂ ಎದೆ ಕಟ್ಟಿತು. ಕಳಸ ಮುಟ್ಟುವ ಮೊದಲೇ ಅವರು ಊದುವುದನ್ನು ನಿಲ್ಲಿಸಿದರು.

ನನ್ನ ಅಧ್ಯಯನ ಚೆನ್ನಾಗಿ ಆಯಿತು. ಉಳಿದ ಹೆಂಗಸರಿಗೆ ಗುಣ ಕಂಡಿತ್ತು. ಪ್ರಬಂಧ ಅಚ್ಚಾಯಿತು, ಬಡ್ತಿ ಬಂತು, ಊರೂರಿಗೆ ಕರೆದರು. ಅಧ್ಯಯನವನ್ನು ಪೂರ್ತಿ ಮಾಡದವರನ್ನು ಮಧ್ಯದಲ್ಲಿ ಬಿಟ್ಟುಹೋದವರು ಎಂದು ಲೆಕ್ಕ ಹಾಕುವುದು ನಮ್ಮಲ್ಲಿ ಪದ್ಧತಿ. ಗಿರಿಜಮ್ಮನೂ ಆ ಲೆಕ್ಕದಲ್ಲಿ ಒಬ್ಬರು. ಬಿಟ್ಟುಹೋದವರು. ಆ ಪದವನ್ನು ಬರೆದ ದಿನ ನಾನು ಊಟ ಮಾಡಲಿಲ್ಲ. ಶೈಲಾ ನನಗೆ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಅವಳು ನನ್ನ ಬಗ್ಗೆ ಏನೆಂದುಕೊಂಡಿದ್ದಾಳೋ ಎಂದು ಕೇಳಿ ತಿಳಿಯುವ ಧೈರ್ಯ ಇರಲಿಲ್ಲ.

ಕಳಸದಲ್ಲಿ ಬಸ್ಸಿಳಿದಾಗ ಮಲ್ಲೇಶಪ್ಪನವರು ಅಂಗಡಿಯಲ್ಲೇ ಇದ್ದರು. ಕೂದಲು ಪೂರ್ತಿ ನರೆತಿತ್ತು. ನನ್ನನ್ನು ನೋಡಿ ತಕ್ಕಡಿ ಕೆಳಗಿಟ್ಟರು. ಕಾಫಿ ತರಿಸಿದರು. ಮಳೆಯ ಮಾತಾಡಿದೆವು, ಬೆಲೆಯ ಮಾತಾಡಿದೆವು. ಕೊನೆಗೆ, "ಮನೇಲಿ ಈಗ ತಂಬುಳಿನೇ ಇಲ್ಲ ಮೇಡಂ" ಎಂದರು. ಆಮೇಲೆ ತಾವೇ ಶೈಲಾಳಿಗೆ ಫೋನು ಮಾಡಿ, "ನಿಮ್ಮಮ್ಮನ ಮೇಡಂ ಬಂದಿದ್ದಾರೆ" ಎಂದರು. ಅವಳು ಏನೆಂದಳೋ ಗೊತ್ತಿಲ್ಲ. "ಹಳ್ಳದ ಹತ್ರ ಬಂದು ನಿಂತಿರ್ತಾಳಂತೆ, ಹೋಗ್ಬನ್ನಿ" ಎಂದು ನನ್ನನ್ನು ಜೀಪು ಹತ್ತಿಸಿದರು.

ಹಳ್ಳಕ್ಕೆ ಈಗ ಸಣ್ಣ ಸೇತುವೆಯಾಗಿದೆ. ರಸ್ತೆ ಇನ್ನೂ ಅಲ್ಲಿಗೇ ನಿಂತಿದೆ. ಶೈಲಾ ಸೇತುವೆಯ ಕಟ್ಟೆಯ ಮೇಲೆ ಕೂತಿದ್ದಳು. ತಾಯಿಯದೇ ಮುಖ, ಸ್ವಲ್ಪ ದುಂಡಗೆ. "ಬನ್ನಿ ಮೇಡಂ" ಎಂದು ನನ್ನ ಚೀಲ ತೆಗೆದುಕೊಂಡಳು. ಒಂದೆರಡು ಹೆಜ್ಜೆ ನಡೆದು, ಹಿಂದೆ ತಿರುಗದೆಯೇ ಹೇಳಿದಳು.

"ನಿಮ್ಮ ಮೇಲೆ ತುಂಬ ಸಿಟ್ಟಿತ್ತು ನಂಗೆ. ನೀವು ಹತ್ತಿಸದೇ ಇದ್ದಿದ್ರೆ ಅಮ್ಮ ಬರ್ತಿರ್ಲಿಲ್ಲ, ಉಳೀತಿದ್ಲು ಅಂತ. ಎಷ್ಟೋ ದಿನ ಅದನ್ನೇ ಅಂದ್ಕೊಂಡೆ."

"ನಾನೂ ಅಂದ್ಕೊಂಡಿದ್ದೇನೆ ಶೈಲಾ."

"ಈಗಿಲ್ಲ. ಮಗಳನ್ನ ಕಾಲ ಮೇಲೆ ಮಲಗಿಸ್ಕೊಂಡು ನೀರು ಹಾಕ್ತಿದ್ಲಲ್ಲ, ಆಗಿನ ಅಮ್ಮನ ಮುಖ ನೀವು ನೋಡ್ಬೇಕಿತ್ತು. ಕೆಳಗೆ ಕೂತು ನಾಲ್ಕು ವರ್ಷ ಜಾಸ್ತಿ ಬದುಕಿದ್ರೂ ಆ ಮುಖ ಬರ್ತಿರ್ಲಿಲ್ಲ."

ಇಷ್ಟು ವರ್ಷ ಎದೆಯ ಮೇಲಿದ್ದದ್ದು ಕೆಳಗಿಳಿದಂತಾಯಿತು. ಬಿಸಿಲು ಏರಿತ್ತು. ಅವಳು ಮುಂದೆ, ನಾನು ಹಿಂದೆ. ನನಗೂ ವಯಸ್ಸಾಗಿದೆ, ಹೆಜ್ಜೆ ಎಣಿಸಿಕೊಂಡು ತಲೆ ತಗ್ಗಿಸಿ ಹತ್ತುತ್ತಿದ್ದೆ. ಮಗಳು ಶಾಲೆಗೆ ಹೋಗಿದ್ದಾಳೆ, ಸಂಜೆ ಬರುತ್ತಾಳೆ ಎಂದಳು. ಅತ್ತೆಗೆ ಈಗ ಮಂಡಿ ನೋವು, ಬಚ್ಚಲ ಒಲೆ, ಅಡುಗೆ ಒಲೆ ಎಲ್ಲ ತನ್ನದೇ ಎಂದಳು. ಗ್ಯಾಸು ಇದೆ, ಸಿಲಿಂಡರು ಮೇಲೆ ಹೊತ್ತು ತರುವುದು ಕಷ್ಟ, ಕಟ್ಟಿಗೆ ತೋಟದಲ್ಲೇ ಬೇಕಾದಷ್ಟಿದೆ ಎಂದಳು. ಆಮೇಲೆ ಅವಳ ಮಾತು ಕಡಿಮೆಯಾಯಿತು. ನನಗೆ ಸಂಕೋಚವಾಗದಿರಲಿ ಎಂದು ನಿಧಾನ ಮಾಡುತ್ತಿದ್ದಾಳೆ ಎಂದುಕೊಂಡೆ. ಅಬ್ಬಿ ನೀರಿನ ಬಳಿ ನಿಂತಳು. ಮೇಲಿನ ತಿರುವಿನಲ್ಲಿ ನಿಂತಳು. ಅದರ ಮೇಲೆ ಮತ್ತೊಮ್ಮೆ ನಿಂತಳು. ಅವಳು ನಿಂತಾಗ ನಾನೂ ನಿಂತು ಸುಧಾರಿಸಿಕೊಂಡೆ.

ಮನೆ ಬಂತು. ಜಗಲಿಯ ಮೂಲೆಯಲ್ಲಿ ಆ ಕುರ್ಚಿ ಹಾಗೇ ಇತ್ತು, ಬಿದಿರು ಹೊಸದು. ನಾನು ಅದರ ಕಡೆ ನೋಡದೆ ಮೆಟ್ಟಿಲ ಮೇಲೆ ಕೂತೆ. ಶೈಲಾ ಕಂಬ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಸೆರಗಿನಲ್ಲಿದ್ದದ್ದನ್ನು ನನ್ನ ಪಕ್ಕದಲ್ಲಿ ಸುರಿದಳು.

"ಊಟ ಮಾಡ್ಕೊಂಡೇ ಹೋಗ್ಬೇಕು. ತಂಬುಳಿ ಮಾಡ್ತೀನಿ" ಎಂದು ಒಳಗೆ ಹೋದಳು. ಹೇಳುವಾಗ ನಡುವೆ ಒಮ್ಮೆ ಉಸಿರು ತೆಗೆದುಕೊಂಡಳು.

ಕೈ ಸುಮ್ಮನಿರಲಿಲ್ಲ, ಸೊಪ್ಪು ಸೋಸಲು ಕೂತೆ. ಮೊದಲು ಸಿಕ್ಕಿದ್ದು ಒಳ್ಳೆಯ ಒಂದೆಲಗ, ದಂಟು ನೋಡಿ, ಮಣ್ಣು ಕೊಡವಿ ಕಿತ್ತದ್ದು. ಬೆರಳಾಡಿಸಿ ಹರಡಿದೆ. ಉಳಿದದ್ದರಲ್ಲಿ ಅರ್ಧ ಹುಲ್ಲಿತ್ತು.

ಒಳಗಿನಿಂದ ಊದುಗೊಳವೆಯ ಸದ್ದು ಬರುತ್ತಿತ್ತು. ಮೆತ್ತಗೆ, ಸಣ್ಣಗೆ, ಬಹಳ ಹೊತ್ತು. ನಾನು ಹುಲ್ಲನ್ನು ಬೇರೆ ಮಾಡಿ ಕೈಯಲ್ಲಿ ಹಿಡಿದುಕೊಂಡು ಎದ್ದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳನ್ನು ಹೊರಗೆ ಕರೆದೆ.